ಕೋಬಾಲ್ಟ್-ಕ್ರೋಮ್ ಪುಡಿಯಿಂದ ಲ್ಯಾಬಿನ ಕೆಲಸಗಾರರಿಗೆ ಅಪಾಯವಿದೆಯೇ?

ಪ್ರಶ್ನೆ (ದಾವಣಗೆರೆ):
ನಮ್ಮದು ಹಲ್ಲಿನ ಕ್ಯಾಪ್, ಬ್ರಿಜ್ ಮಾಡಿಕೊಡುವ ಲ್ಯಾಬ್. ಮೊದಲು ಮೇಣದ ಅಚ್ಚಿನಲ್ಲಿ ಲೋಹದ ಎರಕ ಹೊಯ್ಯುತ್ತಿದ್ದ ನಾವು ಕಳೆದ ವರ್ಷದಿಂದ ಕೋಬಾಲ್ಟ್-ಕ್ರೋಮ್ ಪುಡಿಯನ್ನು ಪದರ ಪದರವಾಗಿ ಲೇಸರ್‌ನಲ್ಲಿ ಕರಗಿಸುವ ತ್ರೀಡಿ ಪ್ರಿಂಟರ್ ಬಳಸುತ್ತಿದ್ದೇವೆ. ಪುಡಿಯನ್ನು ಜರಡಿ ಹಿಡಿಯುವ ಹುಡುಗನ ಮುಂಗೈಯಲ್ಲಿ ಎರಡು ತಿಂಗಳಿನಿಂದ ತುರಿಕೆಯ ಗುಳ್ಳೆಗಳೆದ್ದಿವೆ. ಪುಡಿಯ ಕಣ ದಪ್ಪವಾಗಿರುವುದರಿಂದ ಶ್ವಾಸಕೋಶಕ್ಕೆ ಇಳಿಯುವುದಿಲ್ಲವೆಂದು ಮೆಷಿನ್ ಮಾರಿದವರು ಹೇಳುತ್ತಾರೆ. ಇದನ್ನು ನಂಬಬಹುದೇ? ನೆಲಕ್ಕೆ ಬಿದ್ದ ಪುಡಿಯನ್ನು ತೊಳೆದು ಚರಂಡಿಗೆ ಬಿಡಬಹುದೇ?

ಉತ್ತರ 1 (ಚಿತ್ರದುರ್ಗ, ವೈದ್ಯ):
ಸರ್, ಅವರ ಮಾತು ಅರ್ಧ ನಿಜ. ಇಂಥ ಪುಡಿಯ ಕಣಗಳು ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇರುತ್ತವೆ. ಶ್ವಾಸಕೋಶದ ಆಳ ತಲುಪುವುದು ಹೆಚ್ಚಾಗಿ 4 ಮೈಕ್ರಾನ್‌ಗಿಂತ ಸಣ್ಣವು. ಆದರೆ ಲೇಸರ್ ತಗುಲಿದಾಗ ಲೋಹದ ಒಂದಂಶ ಆವಿಯಾಗಿ, ತಣ್ಣಗಾಗುತ್ತಲೇ ಅತಿ ಸೂಕ್ಷ್ಮವಾದ ಕಪ್ಪು ಮಸಿಯಾಗಿ ಫಿಲ್ಟರ್‌ನಲ್ಲೂ ಒಳಗೋಡೆಗಳ ಮೇಲೂ ಕೂರುತ್ತದೆ. ನನ್ನ ದೃಷ್ಟಿಯಲ್ಲಿ ಜರಡಿಗಿಂತ ಫಿಲ್ಟರ್ ಬದಲಿಸುವ ಹೊತ್ತೇ ಹೆಚ್ಚು ಅಪಾಯದ್ದು. ಹಿಂದೆ ನಿಮ್ಮೂರಿನ ಗಿರಣಿಗಳಲ್ಲಿ ಹತ್ತಿಯ ಧೂಳು ಕಣ್ಣಿಗಾದರೂ ಕಾಣುತ್ತಿತ್ತು. ಗಾಳಿಯಲ್ಲಿ ತೇಲುವ ಈ ಮಸಿ ಕಾಣುವುದಿಲ್ಲ. ಕೋಬಾಲ್ಟ್ ಚರ್ಮದ ಅಲರ್ಜಿಗೂ ಆಸ್ತಮಾಕ್ಕೂ ಕಾರಣವಾಗಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಲೋಹರೂಪದ ಕೋಬಾಲ್ಟನ್ನು ಮನುಷ್ಯರಲ್ಲಿ ಪ್ರಾಯಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಹುಡುಗನನ್ನು ಚರ್ಮರೋಗ ತಜ್ಞರಿಗೆ ತೋರಿಸಿ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ಪತ್ತೆಹಚ್ಚುವ ಪರೀಕ್ಷೆ) ಮಾಡಿಸಿ, ಅಲ್ಲಿಯವರೆಗೆ ಅವನನ್ನು ಪುಡಿಯಿಂದ ದೂರವಿಡಿ. ಉಳಿದವರಿಗೆ ನೈಟ್ರೈಲ್ ಕೈಗವಸು ಮತ್ತು ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಬಟ್ಟೆಯ ಮಾಸ್ಕ್ ಸಾಲದು. ಕೆಲಸದ ಅಂಗಿ ಮನೆಗೆ ಹೋಗಬಾರದು, ಏಕೆಂದರೆ ಅದನ್ನು ಒಗೆಯುವವರೂ ಆ ಪುಡಿಯನ್ನೇ ಉಸಿರಾಡುತ್ತಾರೆ.

ಉತ್ತರ 2 (ಹರಿಹರ, ಮೆಷಿನ್ ಶಾಪ್):
ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸುತ್ತಿದ್ದರೆ ಇಂದೇ ನಿಲ್ಲಿಸಿ. ಪುಡಿಗೆ ಬೆಂಕಿ ಹತ್ತಲು ಅದರ ಮೋಟಾರಿನ ಕಿಡಿ ಸಾಕು; ಫಿಲ್ಟರ್ ಮಸಿಯಂತೂ ಗಾಳಿ ತಾಗಿದರೇ ಹೊತ್ತಿಕೊಳ್ಳಬಹುದು. ಲೋಹದ ಪುಡಿಗೆಂದೇ ತಯಾರಿಸಿದ, ಅರ್ಥಿಂಗ್ ಇರುವ ವ್ಯಾಕ್ಯೂಮ್ ಸಿಗುತ್ತದೆ. ಮುಂದೆ ಟೈಟಾನಿಯಂ ತರುವ ಯೋಚನೆಯಿದ್ದರೆ ಇನ್ನೂ ಎಚ್ಚರ ಬೇಕು: ಉರಿಯುವ ಟೈಟಾನಿಯಂಗೆ ನೀರು ಹಾಕಿದರೆ ಹೈಡ್ರೋಜನ್ ಹೊರಟು ಸ್ಫೋಟವಾಗಬಹುದು. ಅದಕ್ಕೆ ಲೋಹದ ಬೆಂಕಿಗೆಂದೇ ಇರುವ ಡಿ ದರ್ಜೆಯ ಅಗ್ನಿಶಾಮಕವೇ ಬೇಕು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ತ್ರೀಡಿ ಪ್ರಿಂಟಿಂಗ್ ಘಟಕವೊಂದರಲ್ಲಿ ಲೋಹದ ಪುಡಿ ಸ್ಫೋಟಿಸಿ ಕೆಲಸಗಾರನೊಬ್ಬನಿಗೆ ತೀವ್ರ ಸುಟ್ಟಗಾಯಗಳಾಗಿದ್ದವು.

ಇನ್ನು ಚರಂಡಿಗೆ ಬಿಡುವ ಮಾತೇ ಬೇಡ. ಕೋಬಾಲ್ಟ್ ಜಲಚರಗಳಿಗೆ ವಿಷ. ಪುಡಿಯನ್ನೂ ಒರೆಸಿದ ಬಟ್ಟೆಯನ್ನೂ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಕೂಡಿಟ್ಟು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಒಪ್ಪಿಸಿ. ಮಸಿಯ ಫಿಲ್ಟರನ್ನು ಮಾತ್ರ ಅದರ ಜೊತೆ ಬೆರೆಸದೆ, ಮೆಷಿನ್ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಬೇರೆಯಾಗಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಫಿಲ್ಟರ್ ಬದಲಿಸುತ್ತಿದ್ದವನೂ ಅದೇ ಹುಡುಗ, ಅದೂ ಬಟ್ಟೆಯ ಮಾಸ್ಕ್ ಹಾಕಿಕೊಂಡು. ನಾಳೆಯೇ ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ.