ಪದಚರ್ಚೆ: ಚಳವಳಿಯ ಹಳೇ ಸಾಮಾನಿಗೆ ಏನು ಹೆಸರು?

ಗೆಳೆಯರೇ,

ಅಂಕೋಲೆ, ಕುಮಟೆ ಕಡೆಯ ನಾವು ಕೆಲವರು ಸೇರಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ರೈತರ, ಕಾರ್ಮಿಕರ ಚಳವಳಿಗೆ ಸೇರಿದ ಹಳೇ ಸಾಮಾನು ಒಟ್ಟು ಮಾಡುತ್ತಿದ್ದೇವೆ. ಗೇಣಿ (ಜಮೀನಿನ ಒಡೆಯರಿಗೆ ಕೊಡುವ ಭತ್ತ) ಅಳೆದ ಕೊಳಗ ಅನ್ನುವ ಪಾತ್ರೆ, ಗೇಣಿ ಚೀಟಿ, ಸಂಘದ ರಸೀದಿ ಪುಸ್ತಕ, ಬಾವುಟ, ಕರಪತ್ರ, ದಾಂಡೇಲಿ ಕಡೆಯಿಂದ ಬಂದ ನಂಬರಿರುವ ಹಿತ್ತಾಳೆ ಬಿಲ್ಲೆ, ಆಗಬೋಟಿನಲ್ಲಿ, ಅಂದರೆ ಉಗಿಹಡಗಿನಲ್ಲಿ, ದುಡಿದ ಖಲಾಸಿಯೊಬ್ಬರ ಟ್ರಂಕು. ಇಡುವುದಕ್ಕೆ ಒಂದು ಕೋಣೆ ಸಿಕ್ಕಿದೆ. ಒಂದೊಂದಕ್ಕೂ ಚೀಟಿ ಬರೆಯಬೇಕು, ಬಾಗಿಲಿಗೆ ಒಂದು ಬೋರ್ಡು ಹಾಕಬೇಕು. ಬೋರ್ಡಿಗೆ ಯಾವ ಪದ ಬರೆಯುವುದು ಅನ್ನುವಲ್ಲೇ ಕೆಲಸ ನಿಂತಿದೆ.

'ಸ್ಮರಣಿಕೆ' ಅಂದರೆ ಈಗ ಸನ್ಮಾನದಲ್ಲಿ ಶಾಲು, ಹಣ್ಣಿನ ಬುಟ್ಟಿ ಜೊತೆ ಕೊಡುವ ಫಲಕ. 'ಸ್ಮಾರಕ' ಅಂದರೆ ಕಟ್ಟಡವೋ ಕಂಬವೋ ಕಣ್ಣಿಗೆ ಬರುತ್ತದೆ. 'ಅವಶೇಷ' ಅನ್ನುವಾಗ ಏನೋ ಸುಟ್ಟು ಬಿದ್ದ ಹಾಗೆ ಕೇಳುತ್ತದೆ. 'ಪುರಾತನ ವಸ್ತು' ರಾಜರ ಕಾಲದ್ದಾಯಿತು. ನನ್ನ ಮನಸ್ಸು 'ಕುರುಹು' ಕಡೆಗಿದೆ. ಆದರೆ ನಮ್ಮವರೊಬ್ಬರು ಒಪ್ಪುವುದಿಲ್ಲ. ಕುರುಹು ಅಂದರೆ ವಸ್ತು ಹೋದಮೇಲೆ ಉಳಿಯುವ ಗುರುತು, ಇಲ್ಲಿ ವಸ್ತುವೇ ಎದುರಿಗಿದೆಯಲ್ಲ ಅನ್ನುತ್ತಾರೆ. ಅವರ ಆಯ್ಕೆ 'ಸೊತ್ತು'. ದುಡಿದವರ ಸೊತ್ತು. ಕರನಿರಾಕರಣೆಯ ಕಾಲದಲ್ಲಿ ಅಂಕೋಲೆ, ಸಿದ್ದಾಪುರದ ಮನೆಗಳಲ್ಲಿ ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿದ್ದೂ ಸೊತ್ತೇ. ಆ ಪದಕ್ಕೆ ಇಲ್ಲಿ ಒಂದು ತೂಕವಿದೆ, ಅದನ್ನು ನಾನೂ ಒಪ್ಪುತ್ತೇನೆ.

'ಕಾರ್ಮಿಕ' ಅನ್ನುವ ಪದವೂ ಇಲ್ಲಿ ಸಾಲುವುದಿಲ್ಲ. ಅದನ್ನು ಕೇಳಿದ ಕೂಡಲೇ ಕಾರ್ಖಾನೆ ನೆನಪಾಗುತ್ತದೆ. ಉತ್ತರ ಕನ್ನಡದಲ್ಲಿ ದಾಂಡೇಲಿ, ಬಿಣಗಾ ಬಿಟ್ಟರೆ ದೊಡ್ಡ ಕಾರ್ಖಾನೆ ಎಷ್ಟಿದ್ದವು? ದುಡಿದವರಲ್ಲಿ ಜಾಸ್ತಿ ಜನ ಗೇಣಿಗೆ ಗದ್ದೆ ಮಾಡಿದ ಒಕ್ಕಲುಗಳು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಅನ್ನುವ ಭತ್ತ ಬೆಳೆದವರು, ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆದವರು, ಮುಂಬಯಿಗೆ ಹೋಗಿ ಹಡಗು ಹತ್ತಿದವರು. ದಿನಕರ ದೇಸಾಯಿಯವರ ಬದುಕಿನಲ್ಲೇ ಇವೆರಡೂ ಒಟ್ಟಿಗೆ ಇದ್ದವು. ಅಲ್ಲಿ ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ಸಂಘಟನೆ, ಇಲ್ಲಿ ಗೇಣಿದಾರರ ಹೋರಾಟ. ಇಲ್ಲಿಯ ಹೋರಾಟಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಚುಟುಕದ ದೇಸಾಯಿ ಎಲ್ಲರಿಗೂ ಗೊತ್ತು, ಈ ದೇಸಾಯಿ ಅಷ್ಟು ಗೊತ್ತಿಲ್ಲ. ಹಾಗಾಗಿ 'ದುಡಿಯುವವರ ಚಳವಳಿ' ಅಂತ ಬರೆದರೆ ಎಲ್ಲರೂ ಒಳಗೆ ಬರುತ್ತಾರೆ ಅಂತ ನನಗೆ ಅನಿಸುತ್ತದೆ. ನಿಮಗೆ?

ಇನ್ನು ಬಿಡಿ ವಸ್ತುಗಳ ಚೀಟಿ. ಅಲ್ಲಿ ಬೇರೆಯದೇ ತೊಡಕು.

ಗೇಣಿ ಕೊಟ್ಟದ್ದಕ್ಕೆ ಒಡೆಯರ ಕಡೆಯವರು ಬರೆದುಕೊಟ್ಟ ಹಳೇ ಕಾಗದದ ತಲೆಯಲ್ಲಿ 'ಪಾವತಿ' ಅಂತಿದೆ. ಆಗ ಪಾವತಿ ಅಂದರೆ ಮುಟ್ಟಿದ್ದಕ್ಕೆ ಕೊಡುವ ರಸೀದಿ. ಈಗ 'ಬಿಲ್ ಪಾವತಿ' ಅಂದರೆ ಕಟ್ಟುವುದು. ಚೀಟಿಯ ಮೇಲೆ ಸುಮ್ನೆ 'ಪಾವತಿ' ಅಂತ ಬರೆದರೆ ಓದುವವರಿಗೆ ಅರ್ಥವೇ ತಿರುಗಿಬಿಡುತ್ತದೆ. ಇದು ಸಣ್ಣ ಮಾತಲ್ಲ. 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂದಾಗ ಒಕ್ಕಲುಗಳು ಉಳುವ ಜಮೀನು ತಮ್ಮದಾಗಲಿ ಅಂತ 7ನೇ ನಂಬರ್ ಫಾರ್ಮ್ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ತಾನು ಗೇಣಿದಾರ ಅಂತ ತೋರಿಸಬೇಕಿತ್ತು. ಒಡೆಯರು ಬೇಕೆಂದಾಗ ಬಿಡಿಸಬಹುದಾಗಿದ್ದ ಬಾಯಿಮಾತಿನ ಚಾಲಗೇಣಿಯವರ ಕೈಯಲ್ಲಿ ಕಾಗದ ಇರುತ್ತಿದ್ದದ್ದೇ ಕಡಿಮೆ. ಇದ್ದರೆ ಇಂಥ ಒಂದು ಪಾವತಿ. ಅದಕ್ಕೇ ಅದನ್ನು ಜಮೀನಿನ ಪಟ್ಟೆಯ ಜೊತೆ ಕಟ್ಟಿಟ್ಟ ಮನೆಗಳಿವೆ.

'ಸಂಪು' ಕೂಡ ಹಾಗೇ. ಒಂದು ಕರಪತ್ರದಲ್ಲಿ 'ಸಂಪು ಹೂಡಲಾಗಿದೆ' ಅಂತಿದೆ. ಮುಷ್ಕರಕ್ಕೆ ಮರಾಠಿಯಿಂದ ಬಂದ ಮಾತು. 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತಲ್ವಾ, ಆಗ ಇಂಥ ಮಾತು ಬೇಕಷ್ಟು ಬಂದವು. ಈಗಿನ ಮಕ್ಕಳಿಗೆ ಸಂಪು ಅಂದರೆ ಅಂಗಳದ ನೀರಿನ ಟಾಕಿ. ಹಾಗಂತ ಕರಪತ್ರದ ಚೀಟಿಯಲ್ಲಿ ಮುಷ್ಕರ ಅಂತ ತಿದ್ದುವುದು ನನಗೆ ಇಷ್ಟವಿಲ್ಲ. 'ಸಂಪು' ಅಂತಲೇ ಬರೆದು ಕೆಳಗೆ ಅರ್ಥ ಕೊಟ್ಟರೆ ಸಾಕು.

ನಿಮ್ಮೆಲ್ಲರ ಸಹಾಯ ಬೇಕಾಗಿರುವುದು ಕೊಳಗಕ್ಕೆ. ನಮಗೆ ಸಿಕ್ಕಿದ್ದು ಮರದ ಕೊಳಗ. ಬಾಯಿಗೆ ಕಬ್ಬಿಣದ ಪಟ್ಟಿ, ಬುಡದಲ್ಲಿ ಒಂದು ಸೀಳು. ಪಟ್ಟಿಯ ಒಂದು ಬದಿ ಮಾತ್ರ ಸವೆದು ನುಣ್ಣಗಾಗಿದೆ, ಅಳೆಯುವವನು ಹಿಡಿಯುತ್ತಿದ್ದ ಜಾಗ ಅದೇ ಇರಬೇಕು. ಇದರ ಮೇಲೆ 'ಧಾನ್ಯ ಅಳೆಯುವ ಸಾಧನ' ಅಂತ ಬರೆದು ಮುಗಿಸಲು ನನ್ನಿಂದ ಆಗುವುದಿಲ್ಲ. ಸಿದ್ದಾಪುರದಿಂದ ಸಾಗರದ ಕಡೆ ಸ್ವಲ್ಪ ದೂರ ಹೋದರೆ ಕಾಗೋಡು. ಅಲ್ಲಿ ಎಚ್. ಗಣಪತಿಯಪ್ಪನವರು ಒಕ್ಕಲುಗಳನ್ನು ಕೂಡಿಸಿ ನಡೆಸಿದ 1951ರ ಸತ್ಯಾಗ್ರಹಕ್ಕೆ ಕೊಳಗದ ಜಗಳವೇ ಬೇರು. ಗೇಣಿ ತೆಗೆದುಕೊಳ್ಳುವ ಕೊಳಗ ಎಷ್ಟು ದೊಡ್ಡದು ಅನ್ನುವ ಪ್ರಶ್ನೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಆ ಸತ್ಯಾಗ್ರಹದಲ್ಲೇ. ಒಂದು ಅಳತೆಯ ಪಾತ್ರೆ ಅಷ್ಟು ದೂರ ಹೋಯಿತು.

ಅಳತೆ ಬರೀ ಪಾತ್ರೆಯ ಗಾತ್ರದಲ್ಲಿ ಇರುವುದಿಲ್ಲ ಅನ್ನುವುದು ಅಳೆದವರಿಗೆ ಗೊತ್ತು. ಬಾಯಿಮಟ್ಟಕ್ಕೆ ಕೈಯಾಡಿಸಿ ಅಳೆಯಬಹುದು, ಮೇಲೆ ಶಿಖರ ಬರುವಂತೆ ರಾಶಿ ತುಂಬಿ ಅಳೆಯಬಹುದು. ಅದೇ ಕೊಳಗ, ಬೇರೆ ಭತ್ತ. ಮೊದಲನೇ ಕೊಳಗಕ್ಕೆ 'ಒಂದು' ಅನ್ನದೆ 'ಲಾಭ' ಅನ್ನುವ ರೂಢಿ ಬೇರೆ. ಗೇಣಿ ಕೊಡುವ ಒಕ್ಕಲಿನ ಅಂಗಳದಲ್ಲೂ 'ಲಾಭ, ಎರಡು, ಮೂರು' ಅಂತಲೇ ಎಣಿಸಿದ್ದಾರೆ. ನನಗೆ ಬೇಕಾದದ್ದು ಇಷ್ಟು: ಈ ಎರಡು ಬಗೆಯ ಅಳತೆಗೆ ನಿಮ್ಮ ಊರಿನಲ್ಲಿ ಏನು ಹೆಸರು? ಗೇಣಿಯ ಕೊಳಗಕ್ಕೂ ಪೇಟೆಯ ಕೊಳಗಕ್ಕೂ ಬೇರೆ ಹೆಸರಿತ್ತಾ? ಹಾಲಕ್ಕಿ, ನಾಮಧಾರಿ ಸಮುದಾಯದವರ ಮನೆಯ ಹಿರಿಯರ ಮಾತು ಸಿಕ್ಕಿದರೆ ಬಹಳ ಉಪಕಾರ. ಒಡೆಯರ ಲೆಕ್ಕದ ಪುಸ್ತಕದಲ್ಲಿರುವ ಪದ ಹೇಗೂ ಸಿಗುತ್ತದೆ, ಅಳೆದು ಕೊಟ್ಟವರ ಪದ ಪುಸ್ತಕದಲ್ಲಿಲ್ಲ.

ಕಡೆಗೆ, 'ಸಂರಕ್ಷಣೆ'. ಬೋರ್ಡಿಗೆ ಆ ಪದ ಸರಿ. ಮನೆಮನೆಗೆ ಹೋಗಿ ಮಾತಾಡುವಾಗ ಮಾತ್ರ ನಾನು 'ಜತನ' ಅನ್ನುತ್ತೇನೆ. ಸಂರಕ್ಷಣೆ ಅಂದರೆ ಜನ ರಿಪೇರಿಗೆ ಹೊರಡುತ್ತಾರೆ. ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕುತ್ತಾರೆ, ಅದರ ಮೇಲಿನ ನಂಬರು ಸವೆದು ಹೋಗುತ್ತದೆ. ಪಾವತಿ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸುತ್ತಾರೆ. ಆಮೇಲೆ ಅದನ್ನು ಬಿಡಿಸುವ ಹಾಗಿಲ್ಲ, ನಮ್ಮ ಮಳೆಗಾಲದ ತೇವ ಒಳಗೇ ಕೂತು ಬೂಷ್ಟು ಹಿಡಿಯಬಹುದು. ಹರಿದಲ್ಲಿ ಅಂಟಿಸಿದ ಟೇಪು ಕೆಲವೇ ವರ್ಷದಲ್ಲಿ ಕಂದು ಕಲೆ ಬಿಟ್ಟು ಕಳಚುತ್ತದೆ. ಬಾವುಟವನ್ನು ಮಡಚಿಟ್ಟರೆ ಮಡಿಕೆಯಲ್ಲೇ ಸೀಳುತ್ತದೆ, ಹತ್ತಿಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡಬೇಕು. ಜತನ ಅಂದರೆ ಇದ್ದದ್ದನ್ನು ಇದ್ದ ಹಾಗೆ ನೋಡಿಕೊಳ್ಳುವುದು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಊರಿಗೆ ಕಳಿಸುವಾಗಲೂ ಅದೇ ಮಾತು. ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ಈ ಪದ ಹೇಗೆ ಕೇಳುತ್ತದೆ ಹೇಳಿ. ಅಲ್ಲೂ ಇದೇ ಅರ್ಥವಾದರೆ ಬೋರ್ಡಿನ ಮೇಲೂ ಜತನವೇ ಇರಲಿ ಅಂತ ವಾದಿಸುತ್ತೇನೆ.

'ಸೊತ್ತು'ವೋ 'ಕುರುಹು'ವೋ, ಇನ್ನೂ ಒಳ್ಳೆಯದು ಹೊಳೆದರೆ ಅದೂ ಬರೆಯಿರಿ. ಕೊಳಗದ ಮಾತು ಕಳಿಸುವವರು ಯಾವ ಊರಿನದ್ದು, ಯಾರ ಬಾಯಿಂದ ಕೇಳಿದ್ದು, ಅಜ್ಜನೋ ಅಜ್ಜಿಯೋ, ಅದನ್ನೂ ಸೇರಿಸಿ. ಚೀಟಿಯಲ್ಲಿ ಊರಿನ ಹೆಸರನ್ನೂ ಹಾಕುತ್ತೇವೆ.