ಡಿ7200ರಿಂದ ಜೆಡ್‌ಗೆ: ಹಳೇ ಲೆನ್ಸ್ ಇಟ್ಟುಕೊಂಡೇ ಹೋಗಬಹುದಾ?

ಹೆಗಲುನೋವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ನಿಕಾನ್ ಡಿ7200 ಬಳಸುತ್ತಿದ್ದೇನೆ. ಲೆನ್ಸ್ ಮೂರಿವೆ: 200-500 ಎಫ್5.6, ಹಳೇ 60 ಎಂಎಂ ಮೈಕ್ರೋ (ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್, ಡಿ ಮಾದರಿ), 35 ಎಂಎಂ ಎಫ್1.8ಜಿ. ತೆಗೆಯುವುದರಲ್ಲಿ ಮುಕ್ಕಾಲು ಪಾಲು ಹಕ್ಕಿ, ಉಳಿದದ್ದು ಹುಳಹುಪ್ಪಟೆ.

ಕ್ಯಾಮೆರಾಗೆ ಏನೂ ಆಗಿಲ್ಲ, ಆಗಿರುವುದು ನನ್ನ ಬಲ ಹೆಗಲಿಗೆ. ಎರಡು ಗಂಟೆ ಹೊತ್ತು ತಿರುಗಿದರೆ ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಹಗುರ ಅಂತ ಎಲ್ಲರೂ ಹೇಳುತ್ತಾರೆ. ನಿಕಾನ್‌ನದೇ ಮಿರರ್‌ಲೆಸ್, ಸಣ್ಣ ಸೆನ್ಸರ್‌ನ ಜೆಡ್50-2 ಮತ್ತು ಹಳೇ ಲೆನ್ಸ್ ಕೂರಿಸುವ ಅಡಾಪ್ಟರ್ ತಗೊಂಡು ಇದೇ ಲೆನ್ಸ್‌ಗಳಲ್ಲಿ ಮುಂದುವರಿಯಲಾ? ಇಲ್ಲಾ ಸಾಲ ಮಾಡಿಯಾದರೂ ದೊಡ್ಡ ಸೆನ್ಸರ್‌ನ ಜೆಡ್8ಗೆ ಹೋಗಲಾ? ಅಥವಾ ನಿಕಾನೇ ಬಿಟ್ಟುಬಿಡಲಾ?

ಗುಬ್ಬಿ

ಬ್ರ್ಯಾಂಡ್ ಬದಲಿಸಿದರೆ ಹೆಗಲು ಉಳಿಯುತ್ತದೆ ಅಂದುಕೊಳ್ಳಬೇಡಿ. ನಾನು ಸೋನಿಯವನು. ನನ್ನ 200-600 ಟ್ರೈಪಾಡ್ ಕಾಲರ್ (ಲೆನ್ಸನ್ನು ಸ್ಟ್ಯಾಂಡಿಗೆ ಕೂರಿಸುವ ಬಳೆ) ಬಿಚ್ಚಿಟ್ಟರೂ 2115 ಗ್ರಾಂ ಇದೆ.

ಬೇಲಿಸಾಲು

ಸರ್, ಮೊದಲು ಒಂದು ಕೆಲಸ ಮಾಡಿ. ನಿಮ್ಮ 60 ಎಂಎಂ ಬಿಚ್ಚಿ ಅದರ ಬೆನ್ನು ನೋಡಿ. ಮೌಂಟಿನ (ಲೆನ್ಸ್ ಬಾಡಿಗೆ ಕೂರುವ ಜಾಗದ) ಲೋಹದ ಬಳೆಯಲ್ಲಿ ಸೀಳಿರುವ ಪುಟ್ಟ ಸ್ಕ್ರೂ ತಲೆಯಂಥದ್ದು ಕಾಣುತ್ತದೆ. ಈಗ ಡಿ7200ರ ಬಾಯಿ ನೋಡಿ, ಅದೇ ಜಾಗದಲ್ಲಿ ಸಣ್ಣ ಸ್ಕ್ರೂಡ್ರೈವರ್ ತುದಿ ಇರುತ್ತದೆ. ಬಾಡಿಯೊಳಗಿನ ಮೋಟಾರ್ ಆ ತುದಿಯನ್ನು ತಿರುಗಿಸಿದಾಗಲೇ ಲೆನ್ಸ್ ಫೋಕಸ್ ಆಗುವುದು. ನೀವು ಹೇಳಿದ ಅಡಾಪ್ಟರ್, ಅಂದರೆ ನಿಕಾನ್‌ನ ಎಫ್‌ಟಿಜೆಡ್‌ನಲ್ಲಿ ಆ ತುದಿ ಇಲ್ಲ. ಅಂದರೆ ಅಲ್ಲಿ 60 ಎಂಎಂಗೆ ಆಟೋಫೋಕಸ್ ಇಲ್ಲ. ನಿಮ್ಮ 35 ಮತ್ತು 200-500ರಲ್ಲಿ ಮೋಟಾರ್ ಲೆನ್ಸಿನೊಳಗೇ ಇದೆ, ಅವು ನಡೆಯುತ್ತವೆ.

ನಾನು ಇದನ್ನು ಓದದೇ ಅಡಾಪ್ಟರ್ ತಂದವನು. ನನ್ನ 80-200 ಡಿ ಹಾಕಿ ಬಟನ್ ಒತ್ತಿ ಒತ್ತಿ ಕಾದೆ. ಏನೂ ಅಲುಗಲಿಲ್ಲ. ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ತಪ್ಪು ಪೂರ್ತಿ ನನ್ನದೇ.

ನಿಕಾನ್‌ನ ಬಲ, ದೌರ್ಬಲ್ಯ ಎರಡೂ ಇಲ್ಲೇ ಇದೆ ನೋಡಿ. ಡಿ7200ರಲ್ಲಿರುವ ಎಫ್ ಮೌಂಟ್ ಹುಟ್ಟಿದ್ದು 1959ರಲ್ಲಿ. ಅಷ್ಟು ಹಳೇ ಮೌಂಟನ್ನು ಬಿಡದೇ ಎಳೆದುಕೊಂಡು ಬಂದರು, ಅದಕ್ಕೇ ನಮ್ಮಂಥವರ ಪೆಟ್ಟಿಗೆ ತುಂಬಾ ಹಳೇ ಗಾಜು. 2018ರಲ್ಲಿ ಜೆಡ್ ಮೌಂಟ್ ಬಂತು: ಬಾಯಿ 55 ಮಿ.ಮೀ. ಅಗಲ, ಮೌಂಟಿನಿಂದ ಸೆನ್ಸರ್‌ಗೆ ಬರೀ 16 ಮಿ.ಮೀ. ಹಳೆಯದರಲ್ಲಿ ಅದು 46.5 ಇತ್ತು. ದೂರ ಕಡಿಮೆಯಾದ್ದರಿಂದ ಮಧ್ಯೆ ಅಡಾಪ್ಟರ್ ಕೂರಿಸಲು ಜಾಗ ಸಿಕ್ಕಿತು. ಸೋನಿ ಇ ಮೌಂಟ್‌ನಲ್ಲಿ ಈ ದೂರ 18 ಮಿ.ಮೀ., ಹಾಗಾಗಿ ಅದರ ಲೆನ್ಸ್‌ಗಳನ್ನೂ ತೆಳ್ಳನೆ ಅಡಾಪ್ಟರ್ ಹಾಕಿ ಜೆಡ್‌ನಲ್ಲಿ ಬಳಸುವವರಿದ್ದಾರೆ. ಎದುರಾಳಿಯ ಲೆನ್ಸ್ ಹಾಕಬಹುದು, ನಿಮ್ಮದೇ ಮನೆಯ ಡಿ ಲೆನ್ಸ್ ಹಾಕಿದರೆ ಕೈಯಿಂದ ತಿರುಗಿಸಬೇಕು. ತಮಾಷೆ ಅಲ್ವಾ?

ಇನ್ನು ತೂಕ. ಒಂದು ಕಾಗದದಲ್ಲಿ ಕೂಡಿಸಿದ್ದೇನೆ. ಬಾಡಿಗಳದ್ದು ಬ್ಯಾಟರಿ, ಕಾರ್ಡ್ ಸೇರಿಸಿ. ಲೆನ್ಸ್‌ಗಳದ್ದು ಕಾಲರ್ ಸೇರಿಸಿ. ನೀವು ಈಗ ಹೊರುತ್ತಿರುವುದು 765 ಮತ್ತು 2300, ಒಟ್ಟು 3065 ಗ್ರಾಂ. ಜೆಡ್50-2 (550), ಅಡಾಪ್ಟರ್ (125), ಅದೇ 200-500 ಅಂದರೆ 2975. ಇಷ್ಟೆಲ್ಲಾ ಮಾಡಿ ಉಳಿದದ್ದು 90 ಗ್ರಾಂ! ಜೆಡ್8 (910) ತಗೊಂಡು ಹೊಸ 180-600 (2140) ಹಾಕಿದರೆ 3050. ಸಾಲವೂ ಹೆಗಲ ಮೇಲೆ, ಲೆನ್ಸೂ ಹೆಗಲ ಮೇಲೆ.

ನಿಜವಾಗಿ ತೂಕ ಇಳಿಯುವುದು ಪಿಎಫ್ (ಫೇಸ್ ಫ್ರೆನೆಲ್ ಎಂಬ ವಿಶೇಷ ಗಾಜು ಹಾಕಿ ಹಗುರ ಮಾಡಿದ) ಲೆನ್ಸ್‌ಗಳಲ್ಲಿ. ಜೆಡ್ 600 ಎಫ್6.3 ಕಾಲರ್ ಸೇರಿ 1470 ಗ್ರಾಂ. ಜೆಡ್50-2 ಜೊತೆ ಎರಡು ಕೆಜಿ ಚಿಲ್ಲರೆ, ಒಂದು ಕೆಜಿ ಇಳಿಯಿತು. ನನ್ನ ಮಟ್ಟಿಗೆ ನಿಕಾನ್‌ನಲ್ಲೇ ಉಳಿಯಲು ದೊಡ್ಡ ಕಾರಣ ಇದು. ಸೂರ್ಯನಿಗೆ ಎದುರಾಗಿ ತೆಗೆದರೆ ಪಿಎಫ್ ಗಾಜಿನಲ್ಲಿ ಬೆಳಕಿನ ಸುತ್ತ ಬಣ್ಣದ ಬಳೆ ಮೂಡಬಹುದು, ಜೂಮ್ ಕೂಡ ಇಲ್ಲ. ಹಕ್ಕಿ ಹತ್ತಿರ ಬಂದರೆ ನೀವೇ ಹಿಂದೆ ಸರಿಯಬೇಕು.

ಜೆಡ್50-2ರಲ್ಲಿ ಹಕ್ಕಿಯ ಕಣ್ಣು ಹುಡುಕುವ ಫೋಕಸ್ ಇದೆ. ಡಿ7200ರಲ್ಲಿ ಕೊಂಬೆಗಳ ನಡುವೆ ಒಂದೊಂದೇ ಪಾಯಿಂಟ್ ಸರಿಸುತ್ತಾ ಕೂತವರಿಗೆ ಇದು ಹಬ್ಬ. ಆದರೆ ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಕಾರ್ಡ್ ಜಾಗ ಒಂದೇ, ಬ್ಯಾಟರಿ ಬೇರೆ ಜಾತಿ. ಡಿ7200ಗೆ ಕಂಪನಿ ಹೇಳುವ ಲೆಕ್ಕ ಒಂದು ಚಾರ್ಜ್‌ಗೆ 1110 ಚಿತ್ರ, ಇದಕ್ಕೆ 250ರ ಆಸುಪಾಸು. ಎರಡು ಬ್ಯಾಟರಿ ಜಾಸ್ತಿ ಇರಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಹಾರುವ ಹಕ್ಕಿಯ ರೆಕ್ಕೆ ವಾರೆಯಾಗಿ ಬರುತ್ತದೆ. ಜೆಡ್8ರ ಸೆನ್ಸರ್ ವೇಗದ್ದು, ಅಲ್ಲಿ ಈ ಕಾಟ ಇಲ್ಲವೆಂದೇ ಹೇಳಬೇಕು. ಅದರಲ್ಲಿ ಮೆಕ್ಯಾನಿಕಲ್ ಶಟರನ್ನೇ ತೆಗೆದುಹಾಕಿದ್ದಾರೆ.

ಹುಳದ ಹಿಂದೆ

ಬೇಲಿಸಾಲು ಅವರು 60 ಡಿಗೆ ಚಟ್ಟ ಕಟ್ಟಿದ್ದು ಸರಿ ಹೋಗಲಿಲ್ಲ. ಮ್ಯಾಕ್ರೋ ಮಾಡುವಾಗ ಆಟೋಫೋಕಸ್ ಯಾರಿಗೆ ಬೇಕು? ನಾನು ಫೋಕಸ್ ರಿಂಗನ್ನು ಒಂದು ಕಡೆ ಬಿಟ್ಟು, ಮೊಣಕೈ ಊರಿ, ಉಸಿರು ಹಿಡಿದು ನಾನೇ ಹಿಂದೆ ಮುಂದೆ ತೂಗುತ್ತೇನೆ. ಜೆಡ್‌ನ ವ್ಯೂಫೈಂಡರ್‌ನಲ್ಲಿ ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವುದು) ಹಾಕಿದರೆ ಜೇಡದ ಕಾಲಿನ ಕೂದಲ ಮೇಲೆ ಕೆಂಪು ಗೆರೆ ಹರಿದು ಹೋಗುವುದು ಕಾಣುತ್ತದೆ. ಅದು ಕಣ್ಣಿಗೆ ಬಂದಾಗ ಒತ್ತಿದರೆ ಆಯಿತು. ಡಿ7200ರ ವ್ಯೂಫೈಂಡರ್‌ನಲ್ಲಿ ಈ ಸುಖ ಇಲ್ಲ. ಲೆನ್ಸ್ ಮೇಲಿನ ಅಪರ್ಚರ್ ರಿಂಗ್ (ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬಳೆ) ಮಾತ್ರ ಕೊನೆಯ ಕಿತ್ತಳೆ ಬಣ್ಣದ ಅಂಕಿಗೆ ತಿರುಗಿಸಿ ಲಾಕ್ ಮಾಡಿಡಿ.

ಸಣ್ಣ ಸೆನ್ಸರ್ ಬಾಡಿಗೆಂದೇ ನಿಕಾನ್ ಮಾಡಿರುವ ಜೆಡ್ ಲೆನ್ಸ್ ಕಡಿಮೆ. ಅದು ನಿಜವಾದ ಕೊರತೆ. ಸಿಗ್ಮಾ 16, 30, 56 ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ.

ಗುಬ್ಬಿ

ಒಂದು ಮರೆತೆ. ಜೆಡ್8ನಲ್ಲಿ 45.7 ಮೆಗಾಪಿಕ್ಸೆಲ್ ಅಂತ ಆಸೆಪಡುವವರು ಇದನ್ನೂ ನೋಡಿ: ಡಿ7200ರ ಸಣ್ಣ ಸೆನ್ಸರ್‌ನಷ್ಟೇ ಭಾಗ ಕ್ರಾಪ್ ಮಾಡಿದರೆ ಉಳಿಯುವುದು 19ರ ಹತ್ತಿರ. ಡಿ7200ರಲ್ಲೇ 24 ಇದೆ.

ಹೆಗಲುನೋವು

ಎಲ್ಲರಿಗೂ ಥ್ಯಾಂಕ್ಸ್. 60ರ ಬೆನ್ನು ನೋಡಿದೆ. ಸ್ಕ್ರೂ ಇದೆ. ಇಷ್ಟು ವರ್ಷ ಅದನ್ನು ಮೌಂಟ್ ಬಿಗಿ ಮಾಡುವ ಸ್ಕ್ರೂ ಅಂತಲೇ ಅಂದುಕೊಂಡಿದ್ದೆ, ನಗಬೇಡಿ. ಜೆಡ್8 ಆಸೆ ಬಿಟ್ಟೆ. ಮೊದಲು ಜೆಡ್50-2 ಮತ್ತು ಅಡಾಪ್ಟರ್, 60 ಇರುತ್ತದೆ. 200-500 ಮಾರಿ 600 ಪಿಎಫ್‌ಗೆ ದುಡ್ಡು ಕೂಡಿಸಬೇಕು. ಅದು ಕೂಡುವವರೆಗೆ ಲೆನ್ಸನ್ನು ಎಡ ಹೆಗಲಿಗೆ ಹಾಕಿಕೊಳ್ಳುತ್ತೇನೆ.