ಮಧುಗಿರಿ ಕಡೆ ಹಳೇ ಮಾಳಿಗೆ ಮನೆ: ಉಳಿಸೋದಾ, ಕೆಡವೋದಾ?

ಟೀಚರಮ್ಮ:
ಮಧುಗಿರಿ ತಾಲ್ಲೂಕಿನಲ್ಲಿ ನಮ್ಮ ತಂದೆ ಕಾಲದ ಮಾಳಿಗೆ ಮನೆ (ತೊಲೆ, ಜಂತೆ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಸೂರಿಂದು) ಇದೆ. ಅಮ್ಮ ಹೋದಮೇಲೆ ಬೀಗ ಹಾಕಿದ್ದು. ಮುಂದಿನ ವರ್ಷ ನನ್ನ ರಿಟೈರ್‌ಮೆಂಟು, ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಕೊನೇತನಕ ಅಲ್ಲೇ ಇರೋದು ಅಂತ ತೀರ್ಮಾನಿಸಿದ್ದೀನಿ. ಗೋಡೆ ಮಣ್ಣಿಂದು, ಒಂದೂವರೆ ಅಡಿ ದಪ್ಪ. ಪಡಸಾಲೆ ಕಂಬಗಳು ಗಟ್ಟಿ. ಆದ್ರೆ ಅಡುಗೆಮನೇಲಿ ಗವಾಕ್ಷಿ (ಸೂರಿನ ಬೆಳಕಿಂಡಿ) ಸುತ್ತ ಮಾಳಿಗೆ ಜಗ್ಗಿದೆ, ಹಿಂದಿನ ಗೋಡೆ ಬುಡ ಒದ್ದೆಯಾಗಿ ಮಣ್ಣು ಉದುರ್ತಿದೆ. ಕೊಟ್ಟಿಗೆ ಪೂರ್ತಿ ಬಿದ್ದಿದೆ (ಒಳ್ಳೇದೇ ಆಯ್ತು, ಅಲ್ಲಿ ಬಚ್ಚಲು, ಟಾಯ್ಲೆಟ್ ಕಟ್ಟಿಸಬಹುದು. ಈ ಮಂಡಿನೋವಲ್ಲಿ ರಾತ್ರಿ ಹಿತ್ತಿಲಿಗೆ ಹೋಗೋರ್ಯಾರು?).

ಊರಿನ ಮೇಸ್ತ್ರಿದು ಒಂದೇ ಮಾತು: ಕೆಡವಿ ಆರ್‌ಸಿಸಿ ಹಾಕ್ಸಿ, ಇಲ್ಲಾ ಗೋಡೆಗೆಲ್ಲ ಸಿಮೆಂಟ್ ಬಳಿಸಿ. ಬೇಸಿಗೇಲಿ ಆ ಮನೆ ತಂಪು ಕಳ್ಕೊಳ್ಳೋಕೆ ನಂಗಿಷ್ಟವಿಲ್ಲ. ತಮ್ಮಂದಿರಿಬ್ಬರೂ "ನೀನೇ ಇರಕ್ಕ" ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಪಾವಗಡದವನು:
ಮೇಡಂ, ಸಿಮೆಂಟ್ ಮಾತ್ರ ಬೇಡ. ಮಣ್ಣಿನ ಗೋಡೆ ತೇವಾನ ಹೊರಗೆ ಬಿಡ್ತಿರಬೇಕು. ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು, ಆಮೇಲೆ ಪದರ ಮಣ್ಣು ಸಮೇತ ಹಪ್ಪಳದ ಹಾಗೆ ಕಳಚುತ್ತೆ. ಚೆನ್ನಾಗಿ ಅರಳಿಸಿದ ಸುಣ್ಣಕ್ಕೆ ಮರಳು ಸೇರಿಸಿ ಗಾರೆ ಮಾಡಿಸಿ. ಅದಕ್ಕೂ ಮುಂಚೆ ಬುಡ ಯಾಕೆ ಒದ್ದೆ ಅಂತ ಹುಡುಕಿ. ಮಳೆನೀರು ಹೊರಗೆ ಹಾಯಿಸೋ ದೋಣಿ ಮುರಿದು ಮಾಳಿಗೆ ನೀರು ಗೋಡೆ ಮೇಲೇ ಇಳೀತಿರಬಹುದು. ಇಲ್ಲಾ ಬೀದಿಗೆ ಕಾಂಕ್ರೀಟ್ ಹಾಕಿ ಹಾಕಿ ರಸ್ತೆ ಎತ್ತರವಾಗಿ, ನೀರು ನಿಮ್ಮ ಕಡೆ ತಿರುಗಿರಬಹುದು. ನಮ್ಮೂರಲ್ಲಿ ಎಷ್ಟೋ ಮನೆ ಕೆಟ್ಟಿದ್ದು ಹೀಗೇ.

ತೊಲೆ, ಜಂತೆಗಳ ನಡುಭಾಗ ನೋಡಿ ನಂಬ್ಬೇಡಿ. ಗೋಡೆಯೊಳಗೆ ಕೂತಿರೋ ತುದಿಗೆ ಉಳಿ ಚುಚ್ಚಿ ನೋಡಿಸಿ, ಗೆದ್ದಲು ಸೇರೋದು ಅಲ್ಲೇ. ಜಗ್ಗಿದ ಕಡೆ ಮೊದಲು ಕೆಳಗಿಂದ ಆಸರೆ ಕಂಬ ಕೊಟ್ಟು, ಆಮೇಲೆ ಮೇಲಿನ ಮಣ್ಣು ಇಳಿಸಿ.

ಶಿರಾ ಕಡೆಯೋನು:
ಮೇಸ್ತ್ರಿನ ಕರೆಸೋ ಮುಂಚೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬನ್ನಿ ಅಕ್ಕ. "ನೀನೇ ಇರು" ಅನ್ನೋದು ಇವತ್ತಿನ ಮಾತು. ನಾಳೆ ತಮ್ಮಂದಿರ ಮಕ್ಕಳು ಕೇಳಿದರೆ? ಖಾತೆ ಇನ್ನೂ ತಂದೆ ಹೆಸರಲ್ಲಿದ್ದರೆ ವಂಶವೃಕ್ಷ ಮಾಡಿಸಿ, ತಮ್ಮಂದಿರಿಂದ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ, ಪಂಚಾಯಿತೀಲಿ ಇ-ಸ್ವತ್ತು (ಕಂಪ್ಯೂಟರ್ ಆಸ್ತಿ ದಾಖಲೆ) ಖಾತೆನೂ ಮಾಡಿಸಿ; ಯಾವುದು ಮೊದಲು ಅಂತ ಆಫೀಸಲ್ಲೇ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ನಿಜ. ಆದರೆ ಪಾಲು ಇರೋದು ಬೇರೆ, ಇಡೀ ಮನೆ ನಿಮ್ಮದಾಗೋದು ಬೇರೆ.

ತೆಂಗಿನ ತೋಟ, ತಿಪಟೂರು:
ಮಾಳಿಗೆ ಮನೆ ತಂಪು ಅಂತ ಹೊಗಳೋರು ಯಾರೂ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಸೋರದ ಹಾಗೆ ಚೌಳು ಮಣ್ಣು ಹಾಕಿದೋರಲ್ಲ! ಅರವತ್ತು ದಾಟಿದ ಮೇಲೆ ಟೀಚರ್ ಹತ್ತುತಾರಾ? ಆಳೂ ಸಿಗಲ್ಲ. ಪಡಸಾಲೆ, ನಡುಮನೆ ಉಳಿಸ್ಕೊಂಡು ಮಣ್ಣು ಇಳಿಸಿ ಹೆಂಚು ಹೊದಿಸಿ. ಅಡುಗೆಮನೆ, ಬಚ್ಚಲನ್ನ ಕೊಟ್ಟಿಗೆ ಜಾಗದಲ್ಲಿ ಬೇರೇ ಪಾಯ ತೆಗೆದು ಕಟ್ಟಿಸಿ. ಹಳೇ ಗೋಡೆ ಮೇಲೆ ಆರ್‌ಸಿಸಿ ಭಾರ ಬೇಡ. ನೀರಿನ ಪೈಪನ್ನೂ ಆ ಗೋಡೆ ಕೊರೆದು ಕೂರಿಸೋಕೆ ಬಿಡಬೇಡಿ, ಒಂದು ಸೋರಿಕೆ ಸಾಕು.

ಟೀಚರಮ್ಮ:
ಹೆಂಚಿನ ಮಾತು ಒಪ್ಪಿದೆ. ಗವಾಕ್ಷಿ ಇದ್ದ ಕಡೆ ಗಾಜಿನ ಹೆಂಚು ಹಾಕಿಸ್ತೀನಿ. ತಮ್ಮಂದಿರಿಗೆ ಫೋನ್ ಮಾಡಿದೆ. ದೊಡ್ಡವನು ಯಾವತ್ತು ಬರಲಿ ಅಂದ, ಚಿಕ್ಕವನು "ಕಾಗದ ಯಾಕಕ್ಕ, ನಂಬಿಕೆ ಇಲ್ವಾ?" ಅಂದ. ಹಾಗಾಗಿ ಕಾಗದವೇ ಮೊದಲು. ಮಧುಗಿರಿ, ಕೊರಟಗೆರೆ ಕಡೆ ಸುಣ್ಣದ ಗಾರೆ ಗೊತ್ತಿರೋ ಮೇಸ್ತ್ರಿ ಯಾರಾದ್ರೂ ಇದ್ದರೆ ತಿಳಿಸಿ.